ಯಂತ್ರಕ್ಕೆ ಕೊಟ್ಟ ಟಿಪ್ಸ್

ಡಾರ್ಲಾಳನ್ನು ನಾನು ಮೊದಲು ಕಂಡದ್ದು ನನ್ನ ಗಂಡನನ್ನು ಮಣ್ಣು ಮಾಡಿದ ಮರುದಿನ, ಓಹಿಯೋದ ನಮ್ಮೂರ ಹೋಟೆಲಿನಲ್ಲಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಮೆನು ಹಿಡಿದು ಅಕ್ಷರ ಕೂಡಿಸುತ್ತಾ ಕಾಲು ಗಂಟೆ ಕೂತಿದ್ದೆ. ಬಡಿಸಲು ಬಂದ ಅವಳು ನಗಲಿಲ್ಲ. "ಆಪಲ್ ಪೈ ತರ್ಲಾ, ಚಿನ್ನಾ?" ಎಂದಳು.

ಹನ್ನೊಂದು ವರ್ಷ ಅವಳೇ ಬಡಿಸಿದಳು. ಡಾಲರಿನ ಮೌಲ್ಯ ಸವೆದಂತೆಲ್ಲ ಮೆನುವಿಗೆ ಹೊಸ ಬೆಲೆಯ ಚೀಟಿ ಅಂಟಿಸಿದಳು. ಚೀಟಿಯ ಮೇಲೆ ಚೀಟಿ ಕೂತು ಮೆನುವಿನಲ್ಲಿ ಕಾಫಿಯ ಸಾಲು ಗಂಟಿನಂತೆ ಊದಿಕೊಂಡಿತು. ಚುನಾವಣೆಯಲ್ಲಿ ಮುಖ ತಿರುಗಿಸಿಕೊಂಡ ಎರಡೂ ಪಕ್ಷದವರು ಅವಳ ಮೇಜಿಗೇ ಬರುತ್ತಿದ್ದರು. "ನಿನ್ನ ವೋಟು ಯಾರಿಗೆ?" ಎಂದರೆ, "ತಟ್ಟೆ ಖಾಲಿ ಮಾಡೋರಿಗೆ" ಎನ್ನುತ್ತಿದ್ದಳು.

ಈ ವರ್ಷ ಮಾಲೀಕ ಮೇಜಿಗೊಂದು ಮಾತಾಡುವ ಯಂತ್ರ ಇಟ್ಟ. ಆರ್ಡರ್ ಹೇಳಿದ ಕೂಡಲೇ ಅದು ಟಿಪ್ಸ್ ಕೇಳಿತು. ಇಲ್ಲಿ ಬಡಿಸುವವರು ಬದುಕುವುದೇ ಟಿಪ್ಸಿನಿಂದ. ಡಾರ್ಲಾಳಿಗೆ ಸೇರುತ್ತದೆಂದು ನಂಬಿ ನಾನು ದಿನವೂ ಯಂತ್ರಕ್ಕೇ ಆರ್ಡರ್ ಹೇಳಿ ನೂರಕ್ಕೆ ಇಪ್ಪತ್ತು ಒತ್ತಿದೆ. ಅದು ಥ್ಯಾಂಕ್ಸ್ ಎಂದರೆ ತಲೆ ಬೇರೆ ಬಾಗಿಸುತ್ತಿದ್ದೆ.

ಮೂವತ್ತೆಂಟನೇ ದಿನ ಡಾರ್ಲಾ ಏಪ್ರನ್ ಬಿಚ್ಚಿ ಕೈಯಲ್ಲಿ ಹಿಡಿದು ಬಂದಳು.

"ಕೆಲಸ ಹೋಯ್ತು, ಎಡ್ನಾ. ನನ್ನ ಎಷ್ಟು ಜನ ಕರೀತಾರೆ, ಆ ಯಂತ್ರಕ್ಕೆ ಎಷ್ಟು ಜನ ಆರ್ಡರ್ ಹೇಳ್ತಾರೆ ಅಂತ ಮಾಲೀಕ ನೋಡ್ತಾ ಇದ್ದ. ಅದಕ್ಕೆ ಹೇಳೋರಲ್ಲಿ ನೀನೇ ಮೊದಲು."

"ಟಿಪ್ಸ್ ನಿನಗೇ ಅಂತ ಒತ್ತಿದೆ ಕಣೇ."

"ಒಂದು ಸೆಂಟೂ ಬರ್ಲಿಲ್ಲ. ಎಲ್ಲಾ ಅವನ ಜೇಬಿಗೇ ಹೋಯ್ತು."

ಬೈಯುತ್ತಾಳೆಂದು ಕಾದೆ. ಅವಳು ಕೋಟು ಹಾಕಿಕೊಂಡು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕೇಳಿದಳು:

"ನಿಜ ಹೇಳು, ನಾಳೆನೂ ಇಲ್ಲಿಗೇ ಬರ್ತೀಯಾ?"