ಓರೆ ಗೆರೆ

ನಮ್ಮ ಸರ್ ಅವರ ಅಂಗೈಯ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಯಾವಾಗಲೂ ಬೂದು ಬಣ್ಣಕ್ಕಿರುತ್ತಿತ್ತು. ದಿನವಿಡೀ ಪೆನ್ಸಿಲ್ಲಿನಲ್ಲಿ ಬರೆದು, ಬರೆದದ್ದರ ಮೇಲೆಯೇ ಕೈ ಹಾಯ್ದು ಸೀಸ ಮೆತ್ತಿಕೊಂಡಿರುತ್ತಿತ್ತು. ಧಾರವಾಡದಲ್ಲಿ ಅವರು ನಮಗೆ ಎಂ.ಎ.ಗೆ ಮಾನವಶಾಸ್ತ್ರ ಕಲಿಸುತ್ತಿದ್ದರು. ಪೆನ್ನು ಅವರ ಕಿಸೆಯಿಂದ ಹೊರಬರುತ್ತಿದ್ದದ್ದು ಹಾಜರಿಗೆ ಸಹಿ ಹಾಕುವಾಗ ಮಾತ್ರ.

ನಾನು ಆ ವಿಷಯ ಆರಿಸಿಕೊಂಡಾಗ ಹುಬ್ಬಳ್ಳಿಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ಅಪ್ಪ ಹಣೆ ಚಚ್ಚಿಕೊಂಡಿದ್ದರು. "ಮನಷ್ಯಾರನ್ನ ನೋಡಾಕ ಎಂ.ಎ. ಯಾಕ ಬೇಕವಾ? ಅಂಗಡ್ಯಾಗ ಬಂದು ಕುಂದ್ರು. ದಿನಾ ನೂರು ಮಂದಿ ಬರ್ತಾರ." ಇದನ್ನು ನಗುತ್ತ ಸರ್ ಅವರಿಗೆ ಹೇಳಿದೆ. ಅವರು ನಗಲಿಲ್ಲ.

"ನಿಮ್ಮಪ್ಪಾರು ಖರೇನ ಹೇಳ್ಯಾರ. ಆದ್ರ ಅಂಗಡಿಗೆ ಮಂದಿ ತಾವಾಗೇ ಬರ್ತಾರ. ನಮ್ಮನ್ನ ಯಾರೂ ಕರದಿರಂಗಿಲ್ಲ, ನಾವ ಹೋಗಿ ಅವರ ಕಟ್ಟಿಮ್ಯಾಲೆ ಕುಂದರ್ತೇವಿ. ಅದನ್ನ ಮರೀಬ್ಯಾಡ."

"ಮುಂದ ನೌಕರಿ ಸಿಗ್ತೈತೇನ್ರಿ ಸರ್?" ಎಂದು ಕೇಳಿದರೆ "ಮೊದಲ ಚಾ ಕುಡ್ಯಾಕ ಕಲಿ" ಎನ್ನುತ್ತಿದ್ದರು. ಹೊಸ ಮನೆಗೆ ಹೋದ ಮೊದಲ ದಿನ ನೋಟ್‌ಬುಕ್ ತೆಗೆಯುವಂತಿಲ್ಲ, ಕೊಟ್ಟ ಚಹಾ ಕುಡಿದು, ಅವರು ಹೇಳಿದಷ್ಟು ಕೇಳಿ ಎದ್ದು ಬರಬೇಕು. ಅದು ಅವರ ಕಟ್ಟಳೆ.

ವಂಶವೃಕ್ಷ ಬರೆಯುವುದನ್ನು ಅವರು ತಮ್ಮ ಸ್ವಂತ ಮನೆತನವನ್ನೇ ಇಟ್ಟುಕೊಂಡು ಕಲಿಸಿದರು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ಸೊನ್ನೆ. ತೀರಿಕೊಂಡಿದ್ದರೆ ಆ ಗುರುತಿನ ಮೇಲೊಂದು ಓರೆ ಗೆರೆ. ಅವರು ಹೇಳುತ್ತ ಹೋದರು, ನಾವು ಬರೆದುಕೊಂಡೆವು. ನನ್ನ ನೋಟ್‌ಬುಕ್ಕಿನಲ್ಲಿ ನಡುವಿನ ತ್ರಿಕೋನವೊಂದರ ಕೆಳಗೆ ಬಗ್ಗಿ ತಾವೇ 'ನಾ' ಎಂದು ಬರೆದರು. "ಒಂದ್ ಮಾತು ತಲ್ಯಾಗ ಇಟಗೋರಿ. ಸತ್ತವರ ಗೆರಿ ಅವರ ಮನ್ಯಾಗ ಕುಂತು ಎಳೀಬಾರದು. ಮನಿಯವರು ಬಾಯಿಬಿಟ್ಟು ಹೇಳಬೇಕು, ನೀವು ಹೊರಗ ಬಂದು ಎಳೀಬೇಕು." ಅದನ್ನೂ ಬರೆದುಕೊಂಡೆ. ಬರೆದುಕೊಂಡದ್ದೆಲ್ಲ ತಲೆಗೆ ಇಳಿದಿದ್ದರೆ ಇನ್ನೇನು ಬೇಕಿತ್ತು!

ಎರಡನೆಯ ವರ್ಷದ ಪ್ರಬಂಧಕ್ಕೆ ಹೆಬ್ಬಳ್ಳಿ ಎಂಬ ಹಳ್ಳಿಯ ಒಬ್ಬ ಅಜ್ಜಿಯ ಮನೆತನ ನನ್ನ ಪಾಲಿಗೆ ಬಂತು. ನಾಲ್ಕು ಸಲ ಹೋಗಿ ರೊಟ್ಟಿ ಉಂಡು ಬಂದಿದ್ದೆ, ಸಲುಗೆ ಬೆಳೆದಿತ್ತು. ಐದನೆಯ ಸಲ ಹೋದಾಗ ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಿತ್ತು, ನನಗೆ ಅವಸರ. ಅಜ್ಜಿಯ ಕಣ್ಣೆದುರೇ ಅವಳ ಗಂಡನ ಗುರುತಿನ ಮೇಲೆ ಗೆರೆ ಎಳೆದೆ. "ಇದೇನವಾ?" ಎಂದಳು. "ತೀರಿಕೊಂಡವರಿಗೆ ಹಾಕೂದ್ರಿ ಅಜ್ಜಿ" ಎಂದೆ. ತಲೆಯಾಡಿಸಿದಳು. ಆಮೇಲೆ ದೊಡ್ಡ ಮಗನ ಮಾತು ಬಂತು. ದುಡಿಯಲು ಗೋವಾಕ್ಕೆ ಹೋಗಿ ಎಷ್ಟೋ ವರ್ಷಗಳಾಗಿದ್ದವು, ತಿರುಗಿ ಬಂದಿರಲಿಲ್ಲ. ಅವನು ಸತ್ತನೆಂದು ಬದಿಮನೆಯವರು ನನಗೆ ಮೊದಲೇ ಹೇಳಿದ್ದರು. ಅಜ್ಜಿ ಅವನ ಹೆಸರು ಹೇಳಿದ್ದೇ ತಡ, ನನ್ನ ಪೆನ್ಸಿಲ್ಲು ಓಡಿಬಿಟ್ಟಿತು.

ಅಜ್ಜಿಗೆ ಓದು ಬಾರದು. ಆ ಒಂದೇ ಒಂದು ಗುರುತನ್ನು ಈಗಷ್ಟೇ ನಾನು ಕಲಿಸಿದ್ದೆ.

"ನನ್ನ ಮಗನ ಮ್ಯಾಲೆ ಯಾಕ ಎಳದಿ?" ಎಂದಳು. "ಇಪ್ಪತ್ತ ವರ್ಷ ನಾ ಎಳದಿಲ್ಲ, ನೀ ಯಾರ ಎಳ್ಯಾಕ? ಎದ್ದು ಹೋಗು." ಒಳಗೆ ಹೋಗಿ ಕದ ಹಾಕಿಕೊಂಡಳು.

ಓದು ಬಿಟ್ಟು ಅಂಗಡಿಯಲ್ಲಿ ಕೂಡುತ್ತೇನೆಂದು ಸರ್ ಮುಂದೆ ಅತ್ತೆ. ಅವರು ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಜೊತೆ ಹೆಬ್ಬಳ್ಳಿ ಬಸ್ಸು ಹತ್ತಿದರು. ಅಜ್ಜಿ ನಮ್ಮನ್ನು ನೋಡಿಯೂ ಹೊರಗೆ ಬರಲಿಲ್ಲ. ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಸುಮ್ಮನೆ ಕೂತೆವು. ಕೊನೆಗೆ ಬಿಸಿಲು ನೋಡಲಾರದೆ ಅಜ್ಜಿಯೇ ತಂಬಿಗೆ ಹಿಡಿದು ಬಂದಳು. "ನೀರರೆ ಕುಡೀರಿ."

ಸರ್ ಎದ್ದು ನಿಂತರು. "ಯವ್ವಾ, ತಪ್ಪು ಈ ಹುಡುಗೀದಲ್ಲ, ಕಲಿಸಿದಾಂವಂದು." ನಾನು ರಬ್ಬರ್ ತೆಗೆದೆ. ಬೇಡವೆಂದು ಕೈ ಹಿಡಿದರು. "ಅಳಿಸಿದರೂ ಹಾಳ್ಯಾಗ ತೆಗ್ಗು ಉಳೀತೈತಿ." ಆ ಹಾಳೆಯನ್ನು ಹರಿದು, ಹೊಸದೊಂದನ್ನು ನನ್ನ ಮುಂದಿಟ್ಟರು. ಅಜ್ಜಿ ಅತ್ತೆಮಾವನಿಂದ ಶುರುಮಾಡಿ ಪ್ರತಿಯೊಬ್ಬರ ಹೆಸರನ್ನೂ ಮತ್ತೊಮ್ಮೆ ಹೇಳಿದಳು. ಮಗನ ಹೆಸರು ಬಂದಾಗ ಬಗ್ಗಿ ನೋಡಿದಳು. "ಹಾಂ, ಹಿಂಗ ಇರ್ಲಿ" ಎಂದಳು.

ಬಸ್ಸಿನಲ್ಲಿ ಸರ್ ಹೇಳಿದ್ದು ಇಷ್ಟೇ: "ಇನ್ನ ಬಿಡಬೇಕಂದ್ರ ಬಿಡು." ನಾನು ಬಿಡಲಿಲ್ಲ.

ನಮ್ಮ ತರಗತಿಯವರೆಲ್ಲ ಈಗ ಒಂದೊಂದು ದಿಕ್ಕು. ಒಬ್ಬ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಒಬ್ಬಳು ಕಂಪನಿಯೊಂದಕ್ಕಾಗಿ ಮನೆಮನೆಗೆ ಹೋಗಿ ಹೆಂಗಸರು ಪಾತ್ರೆ ಹೇಗೆ ತಿಕ್ಕುತ್ತಾರೆಂದು ನೋಡಿ ಬರುತ್ತಾಳೆ, ಅದಕ್ಕೂ ಸಂಬಳವಿದೆ. ನಾನು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ, ಮನೆತನದಲ್ಲಿ ಹರಿದು ಬರುವ ಕಾಯಿಲೆಗಳಿಗಾಗಿ ವಂಶವೃಕ್ಷ ಬರೆಯುತ್ತೇನೆ. ಅಲ್ಲಿ ಗಂಡಸಿಗೆ ತ್ರಿಕೋನದ ಬದಲು ಚೌಕ. ಓರೆ ಗೆರೆ ಮಾತ್ರ ಅದೇ. ಕೂಸು ಕಳೆದುಕೊಂಡ ತಾಯಿ ಎದುರಿಗೆ ಕೂತಾಗ ನನ್ನ ಪೆನ್ಸಿಲ್ಲು ಮೇಜಿನ ಮೇಲೇ ಇರುತ್ತದೆ. ಅವಳು ಹೋದ ಮೇಲೆ ಎತ್ತಿಕೊಳ್ಳುತ್ತೇನೆ.

ಹೋದ ವರ್ಷ ಸರ್ ತೀರಿಕೊಂಡರು. ಆರು ತಿಂಗಳಿಂದ ಕೈ ನಡುಗಿ ಬರವಣಿಗೆ ನಿಂತಿತ್ತಂತೆ. ನಾನು ಹೋಗುವಷ್ಟರಲ್ಲಿ ದೇಹಕ್ಕೆ ವಿಭೂತಿ ಹಚ್ಚಿ ಕೂರಿಸಿದ್ದರು, ಕೈ ತೊಡೆಯ ಮೇಲಿತ್ತು. ಅಂಗೈಯ ಅಂಚು ತೊಳೆದಿಟ್ಟ ಹಾಗೆ ಬೆಳ್ಳಗಿತ್ತು. ಅದನ್ನು ನೋಡಿದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ.

ಹದಿನೈದು ದಿನ ಬಿಟ್ಟು ಹಳೆಯ ನೋಟ್‌ಬುಕ್ ಚೀಲದಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಅವರ ಹೆಂಡತಿ, ನಮಗೆಲ್ಲ ಅವ್ವಾರು, ಚಹಾ ಕೊಟ್ಟರು. ನಾನು ಕುಡಿದು ಸುಮ್ಮನೆ ಕೂತಿದ್ದೆ.

"ನಿಮ್ಮ ಸರ್ ಹೇಳಿ ಹೋಗ್ಯಾರವಾ" ಎಂದರು ಅವ್ವಾರು. "ಆಕಿ ಬರ್ತಾಳ, ಬಾಯಿಬಿಟ್ಟು ಕೇಳಂಗಿಲ್ಲ, ನೀನ ಹೇಳು ಅಂದಾರ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವರು ಹೋದರವಾ. ಹೊರಗ ಹೋಗಿ ಎಳಕೋ."

ಗೇಟು ದಾಟಿ, ಕಟ್ಟೆಯ ಮೇಲೆ ಕೂತು, ಸರ್ ತಾವೇ 'ನಾ' ಎಂದು ಬರೆದಿದ್ದ ತ್ರಿಕೋನದ ಮೇಲೆ ಗೆರೆ ಎಳೆದೆ. ಸೊಟ್ಟಗಾಯಿತು. ಹಾಳೆಯ ಮೇಲೆ ಊರಿದ್ದ ನನ್ನ ಅಂಗೈಯ ಅಂಚಿಗೆ ಹಳೆಯ ಸೀಸ ಮೆತ್ತಿತ್ತು. ಊಟಕ್ಕೆ ಕೂಡುವವರೆಗೂ ಕೈ ತೊಳೆಯಲಿಲ್ಲ.