ಚೀಟಿ ಬಾಕಿದಾರನ ಹತ್ತಿರವೇ ಇರಲಿ

ನಮ್ಮ ಪಕ್ಕದ ಮನೆಯ ಬಡಗಿಯನ್ನು ಬೀದಿಯವರೆಲ್ಲ ಅಳತೆ ಮಾವ ಎಂದೇ ಕರೆಯುತ್ತಾರೆ. ಮನೆಗೆ ನೆಂಟರು ಬಂದರೂ ಭುಜದಗಲ ನೋಡಿ, ಇಂಥ ಕುರ್ಚಿಯಲ್ಲಿ ಕೂತುಕೊಳ್ಳಿ ಎಂದು ತೋರಿಸುವವರು ಅವರು. ಹಲಗೆಯನ್ನು ಎರಡು ಸಲ ಅಳೆಯುತ್ತಾರೆ, ಮಾತನ್ನು ಮೂರು ಸಲ. ಬಾಕಿಯ ವಿಷಯದಲ್ಲಿ ಮಾತ್ರ ಅವರದೊಂದು ವಿಚಿತ್ರ ಪದ್ಧತಿ. ಯಾರಾದರೂ ಕೂಲಿ ಉಳಿಸಿಕೊಂಡರೆ ಚೀಟಿ ಬರೆಸಿ, ಆ ಚೀಟಿಯನ್ನು ಉಳಿಸಿಕೊಂಡವರ ಕೈಗೇ ಕೊಡುತ್ತಿದ್ದರು.

"ಮರೆಯೋನು ಅವನು. ಚೀಟಿ ಬೇಕಾದ್ದೂ ಅವನಿಗೇ. ನನಗ್ಯಾಕೆ?" ಎನ್ನುತ್ತಿದ್ದರು.

ಈ ಪದ್ಧತಿಯಿಂದ ಬೀದಿಯಲ್ಲಿ ಅನೇಕರು ಉದ್ಧಾರವಾದರು. ಮಾವ ಆಗಲಿಲ್ಲ. ನಮ್ಮ ಅಪ್ಪ ಮಾತ್ರ ಚೀಟಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟು, ಹಣ ಕೊಟ್ಟ ದಿನ 'ತೀರಿತು' ಎಂದು ಬರೆದು ಮಾವನ ಸಹಿ ಹಾಕಿಸುತ್ತಿದ್ದರು.

ಅಪ್ಪ ತೀರಿಕೊಂಡ ಮರುವರ್ಷ ನಾನೂ ತಮ್ಮನೂ ಹಿತ್ತಿಲ ಷೆಡ್ಡನ್ನು ಮಾರಲು ಹೊರಟೆವು. ಮೂವತ್ತೆರಡು ವರ್ಷಗಳಿಂದ ಮಾವ ಕೆಲಸ ಮಾಡುತ್ತಿದ್ದುದು ಅದರಲ್ಲೇ. ಬಾಡಿಗೆ ಕೊಡುತ್ತಿರಲಿಲ್ಲ. ಅದು ಅಪ್ಪನ ದಾಕ್ಷಿಣ್ಯವೆಂದು ನಾವು ತಿಳಿದಿದ್ದೆವು. ಖಾಲಿ ಮಾಡಿಕೊಡಿ ಎಂದಾಗ ಮಾವ ನಮ್ಮಿಬ್ಬರನ್ನೂ ನೋಡಿ, "ಎಂಟು ದಿನ ಕೊಡಿ" ಎಂದರು.

"ಎಲ್ಲಿಗೆ ಹೋಗ್ತೀರಿ?"

"ನನ್ನ ಮನೇಲಿ ಜಾಗ ಇಲ್ಲ, ಮಗಳ ಮನೆ ಜಗಲಿಗೆ. ಕೆಲಸದ ಮೇಜು ಅಲ್ಲಿ ಹಿಡಿಯೋದಿಲ್ಲ, ಅಳೆದು ನೋಡಿದೆ. ಮಾರಿಬಿಡ್ತೀನಿ."

ಮೇಜಿಲ್ಲದ ಬಡಗಿ ಏನು ಮಾಡುತ್ತಾನೆಂದು ನಾನು ಕೇಳಲಿಲ್ಲ.

ಆರನೆಯ ದಿನ ಕಂದಾಯದ ರಸೀದಿ ಹುಡುಕುತ್ತ ಆ ಡಬ್ಬಿ ತೆಗೆದೆ. ನಲವತ್ತು ಚೀಟಿಗಳಿದ್ದವು, ಎಲ್ಲದರ ಕೆಳಗೂ 'ತೀರಿತು'. ತಳದಲ್ಲಿದ್ದ ಒಂದರಲ್ಲಿ ಮಾತ್ರ ಆ ಪದವಿರಲಿಲ್ಲ. ಅಪ್ಪನ ಅಕ್ಷರದಲ್ಲಿ ಹೀಗಿತ್ತು: "ಮನೆಯ ಒಂಬತ್ತು ಬಾಗಿಲು, ಹದಿನಾಲ್ಕು ಕಿಟಕಿಗಳ ಕೂಲಿ ಕೊಡಲು ನನ್ನಿಂದಾಗಿಲ್ಲ. ಅದಕ್ಕೆ ಬದಲಾಗಿ ಹಿತ್ತಿಲ ಷೆಡ್ಡು, ನೆಲದ ಸಮೇತ, ಬಡಗಿಯವರದು. ನೋಂದಣಿ ಮಾಡಿಸಿಕೊಡುವುದು ಬಾಕಿ."

ತಮ್ಮ ನಿಂತೇ ಓದಿದ.

"ಅಕ್ಕಾ, ಇದಕ್ಕೆ ಇನ್ನೊಂದು ಪ್ರತಿ ಇದೆಯಾ?"

"ಇಲ್ಲ. ಮಾವ ಇಟ್ಟುಕೊಳ್ಳೋದಿಲ್ಲ."

"ಮುಂಗಡ ತಗೊಂಡಾಗಿದೆ."

"ಹೌದು."

"ಅರ್ಧ ಖರ್ಚೂ ಆಗಿದೆ."

"ನಿನ್ನ ಸ್ಕೂಟರಿಗೆ."

ಅವನು ಚೀಟಿಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಒಲೆಯ ಮೇಲೆ ಹಾಲು ಉಕ್ಕಿತು. ಇಬ್ಬರೂ ಆ ಕಡೆ ಹೋಗಲಿಲ್ಲ. ಕೊನೆಗೆ, "ನನ್ನ ಚಪ್ಪಲಿ ಎಲ್ಲಿ?" ಎಂದ.

ಮಾವ ಷೆಡ್ಡಿನಲ್ಲಿ, ಇನ್ನೂ ಮಾರಿರದ ಮೇಜಿನ ಮೇಲೆ, ಹಲಗೆಗಳಿಗೆ ಹಗ್ಗ ಬಿಗಿಯುತ್ತಿದ್ದರು. ನಾನು ಚೀಟಿ ಮುಂದೆ ಹಿಡಿದೆ.

"ಏನು ಮಾವ, ಒಂದು ಮಾತು ಹೇಳಬಾರದಿತ್ತಾ?"

"ಚೀಟಿ ನಿಮ್ಮ ಹತ್ತಿರ ಇತ್ತಲ್ಲ ಟೀಚರಮ್ಮ. ಓದಿಯೇ ಖಾಲಿ ಮಾಡಿ ಅಂದ್ರಿ ಅಂದುಕೊಂಡೆ."

"ಓದಿದ ಮೇಲೂ ಯಾರಾದ್ರೂ ಹಾಗೆ ಹೇಳ್ತಾರಾ?"

"ಈ ಬೀದೀಲಾ? ಚೀಟಿ ಓದಿಯೂ ಬಾಕಿ ಇಲ್ಲ ಅಂದೋರು ಹನ್ನೊಂದು ಜನ ಇದಾರೆ. ನೀವು ಹನ್ನೆರಡನೆಯವರು ಅಂತ ಸೇರಿಸಿಬಿಟ್ಟಿದ್ದೆ."

ತಮ್ಮ ನೆಲ ನೋಡುತ್ತಿದ್ದ. ಮಾವ ಅವನ ಭುಜದಗಲ ನೋಡಿ ಒಂದು ಸ್ಟೂಲು ಎಳೆದುಕೊಟ್ಟರು.

ಸ್ಕೂಟರು ಮಾರಿ ಮುಂಗಡ ಹಿಂತಿರುಗಿಸಿದ್ದಾಯಿತು. ಮರುವಾರ ಮೂವರೂ ನೋಂದಣಿ ಕಚೇರಿಗೆ ನಡೆದೇ ಹೋಗಿಬಂದೆವು. ಚೀಟಿ ಸಿಗುವ ಮುಂಚೆಯೇ ಮಗಳ ಮನೆ ಸೇರಿದ್ದ ಹಲಗೆಗಳನ್ನು ಹೊತ್ತು ತರಲು ತಮ್ಮ ಎರಡು ದಿನ ರಜೆ ಹಾಕಿದ. ಮಾವ ಬಾಗಿಲಲ್ಲಿ ನಿಂತು ದಾರಿ ತೋರಿಸುತ್ತಿದ್ದರು.

"ಮೆಲ್ಲಗಪ್ಪ, ಮೆಲ್ಲಗೆ. ಗೋಡೆಗೆ ತಾಗಿಸಬೇಡ. ನೋಂದಣಿಯಾಗಿರೋ ಗೋಡೆ ಅದು."