ಹರಿಹರಪುರದ ಏರಿನಲ್ಲಿ ಮೆರವಣಿಗೆ

ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ನಿಂತು ನಿಂತೇ ಮುದುಕನಾಗುವುದು ಶಾಸ್ತ್ರಸಮ್ಮತವಲ್ಲವೆಂದು ತೀರ್ಮಾನಿಸಿ, ಮೊಬೈಲು ಆಗಷ್ಟೇ ಎಲ್ಲರ ಜೇಬಿಗೂ ಇಳಿದಿದ್ದ ಕಾಲದಲ್ಲಿ, ನಾನು ಸೈಕಲ್ ಏರಿ ಮೆಜೆಸ್ಟಿಕ್ಕಿಗೆ ಪಲಾಯನ ಮಾಡಿದೆ. ಅಲ್ಲಿಂದ ನಾನು ಬಸ್ಸಿನ ಒಳಗೆ, ಸೈಕಲ್ಲು ಬಸ್ಸಿನ ನೆತ್ತಿಯ ಮೇಲೆ. ಬೆಳಿಗ್ಗೆ ಕೊಪ್ಪದಲ್ಲಿ ಇಬ್ಬರೂ ಇಳಿದೆವು. ಶೃಂಗೇರಿಯವರೆಗೆ ತುಳಿದೇ ಹೋಗುವುದೆಂಬುದು ಸಂಕಲ್ಪ. ಅಲ್ಲಿರುವ ಭಾಮೈದ ಫೋನಿನಲ್ಲೇ ನಕ್ಕಿದ್ದ.

“ಭಾವ, ನೀವು ಬರೋದು ಪಿಕಪ್ಪಲ್ಲೇ. ಹಿಂದೆ ಸೈಕಲ್ ಮಲಗಿರ್ತದೆ, ಮುಂದೆ ನೀವು ಮಲಗಿರ್ತೀರಿ.”

ಈ ಭವಿಷ್ಯವಾಣಿಯನ್ನು ಸುಳ್ಳು ಮಾಡುವುದೊಂದೇ ಅಂದು ನನ್ನ ಬಾಳಿನ ಗುರಿ.

ಹರಿಹರಪುರದವರೆಗೆ ನನ್ನಂಥ ಸವಾರ ಭೂಮಿಯ ಮೇಲಿರಲಿಲ್ಲ. ಇಳಿಜಾರು ಬಂದಲ್ಲೆಲ್ಲ ಬ್ರೇಕು ಬಿಟ್ಟೆ. ಗದ್ದೆಯ ಕೊಕ್ಕರೆಗಳಿಗೆ ಗಂಟೆ ಬಾರಿಸಿ ದಾರಿ ಬಿಡಿಸಿದೆ. ಅವು ದಾರಿಯಲ್ಲೇ ಇರಲಿಲ್ಲವೆಂಬುದು ಬೇರೆ ಮಾತು. ಊರು ದಾಟಿದ ಮೇಲೆ ಏರು ಬಂತು. ಅದರ ಹಿಂದೆಯೇ, ಗೊಬ್ಬರದ ಚೀಲ ಹೊತ್ತ ಒಂದು ಪಿಕಪ್ಪೂ ಬಂದು ಪಕ್ಕದಲ್ಲಿ ನಿಂತಿತು. ಓಡಿಸುವವನ ಪಕ್ಕದಲ್ಲಿ ಅವನ ತಾಯಿ.

“ಪಂಚರ್ರಾ ಮಾರಾಯ್ರೆ?” ಎಂದ.

“ಇಲ್ಲ.”

“ಮತ್ತೆಂತಕ್ಕೆ ತುಳಿಯೋದು? ಹತ್ತಿ.”

“ಖುಷಿಗೆ ತುಳಿಯೋದು.”

ತಾಯಿ ಬಗ್ಗಿ ನನ್ನ ಮುಖ ಪರೀಕ್ಷಿಸಿದರು. “ಈ ಮೋರೆಲಿ ಖುಷಿ ಎಲ್ಲಿದೆ? ಹೆಂಡ್ತಿ ಹತ್ರ ಜಗಳವಾ?”

ಆ ಕಡೆ, ಕೊಟ್ಟ ಕಾಫಿಯನ್ನೂ ಕರೆದ ಗಾಡಿಯನ್ನೂ ಬೇಡವೆನ್ನುವವನ ತಲೆ ಸರಿಯಿಲ್ಲವೆಂದೇ ಲೆಕ್ಕ. ತಲೆ ಸರಿಯಿಲ್ಲದವನನ್ನು ಕಾಡುದಾರಿಯಲ್ಲಿ ಒಂಟಿಯಾಗಿ ಬಿಟ್ಟುಹೋಗುವ ಪದ್ಧತಿಯೂ ಇಲ್ಲ. ಹೀಗಾಗಿ ಪಿಕಪ್ಪು ಮೊದಲ ಗೇರಿನಲ್ಲಿ ನನ್ನ ಬೆನ್ನಿಗೇ ಹೊರಟಿತು. ಅದರ ಹಿಂದೆ ಎರಡು ಜೀಪು, ಒಂದು ಬಸ್ಸು ಸೇರಿದವು. ಮಂತ್ರಿಗಳಿಗೂ ಅಷ್ಟು ಹಾರನ್ನಿನ ಗೌರವ ಸಿಕ್ಕಿರಲಾರದು.

“ಬ್ಯಾಗಾದ್ರೂ ಕೊಡಿ. ನೋಡಕ್ಕಾಗಲ್ಲ,” ಎಂದರು ತಾಯಿ.

ಬ್ಯಾಗು ಕೊಟ್ಟರೆ ಸಂಕಲ್ಪಭಂಗವೇ ಎಂದು ಒಂದು ತಿರುವಿನಷ್ಟು ದೂರ ವಿಚಾರ ಮಾಡಿ, ಅಲ್ಲವೆಂದು ನಿರ್ಣಯಿಸಿ, ಅವರ ಮಡಿಲಿಗೆ ಹಾಕಿದೆ.

ಆಮೇಲೆ ಇಳುಕಲು. ಮೈ ಹಗುರ, ತಲೆಯೂ ಹಗುರ. ಮರಗಳೆಲ್ಲ ಒಂದೇ ಹಸಿರು ಗೆರೆಯಾದವು. ಬಾಯಿಗೆ ಹುಳ ಹೋದರೂ ನಗು ನಿಲ್ಲಲಿಲ್ಲ. ಲೋಡಿನ ಪಿಕಪ್ಪು ತಿರುವುಗಳಲ್ಲಿ ಹಿಂದೆ ಬಿತ್ತು. “ನಿಧಾನ, ನಿಧಾನ,” ಎನ್ನುತ್ತಿದ್ದ ತಾಯಿ, ಅಷ್ಟರಲ್ಲಿ ಪಕ್ಷ ಬದಲಿಸಿ ಮಗನಿಗೆ, “ಎಂತ ಓಡಿಸ್ತೀಯ ನೀನು? ಸೈಕಲ್ ಮುಂದೆ ಹೋಯ್ತು,” ಎಂದದ್ದು ಗಾಳಿಯಲ್ಲಿ ಕೇಳಿಸಿತು.

ಶೃಂಗೇರಿಯಲ್ಲಿ ಭಾಮೈದ ರಸ್ತೆಗೇ ಬಂದು ನಿಂತಿದ್ದ. ನನ್ನ ಹಿಂದೆ ನಿಂತ ಗಾಡಿ ನೋಡಿ, “ಪಿಕಪ್ ಬಂತಲ್ಲ ಭಾವ,” ಎಂದ.

“ಎಷ್ಟು ಕರೆದ್ರೂ ಹತ್ತಲಿಲ್ಲ ಮಾರಾಯ. ಭಾರೀ ಹಠ,” ಎಂದು ತಾಯಿ ದೂರು ಹೇಳಿದರು.

ಇದಕ್ಕಿಂತ ದೊಡ್ಡ ಸಾಕ್ಷಿ ಬೇಡವಾಯಿತು. ಭಾಮೈದ ಸೋಲು ಒಪ್ಪಿದ. ವಿಜಯಿಯನ್ನು ಸೈಕಲ್ಲಿನಿಂದ ಇಳಿಸಲು ಮಾತ್ರ ಮೂವರೂ ಕೈ ಹಾಕಬೇಕಾಯಿತು.